ಹಳೇ ಬೋರ್ಡಿನ ಮೇಲೆ ಮೂರು ಗೆರೆ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಕೆಟ್ಟ ಸರ್ಕ್ಯೂಟ್ ಬೋರ್ಡು ಸರಿಮಾಡುವವರು ಯಾರು ಎಂದು ಕೇಳಿದರೆ ಕೊಬ್ಬರಿ ಮಂಡಿಯ ಹಮಾಲಿಗಳೂ ಯಶೋಧರಾಳ ಅಂಗಡಿಗೆ ಬೆರಳು ತೋರಿಸುತ್ತಾರೆ. ಲ್ಯಾಪ್‌ಟಾಪ್ ಇರಲಿ, ಮಂಡಿಯ ತೂಕದ ಯಂತ್ರ ಇರಲಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಇರಲಿ, ಅವಳು ಇಲ್ಲ ಅಂದಳೆಂದರೆ ಅದು ಗುಜರಿಗೇ ಸರಿ. ನಲವತ್ತೆಂಟು ವರ್ಷದ ಹೆಂಗಸು, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂತರೆ ಕೂದಲೆಳೆಯಷ್ಟು ಸಣ್ಣ ತಂತಿಯನ್ನೂ ಬೆಸೆದೇ ಏಳುತ್ತಾಳೆ. ಇಂಥವಳಿಗೆ ಹೊಟ್ಟೆಕಿಚ್ಚು ಯಾಕಪ್ಪ ಬರಬೇಕು ಎಂದು ನೀವು ಕೇಳಬಹುದು. ಬರುತ್ತದೆ. ಕೆಲಸ ಬಲ್ಲವರಿಗೇ ಅದು ಜಾಸ್ತಿ. ಬಾರದವರಿಗೆ ತಮ್ಮ ಕೈ ತಪ್ಪಿಹೋದದ್ದು ಏನು ಎನ್ನುವುದೇ ಗೊತ್ತಿರುವುದಿಲ್ಲ.

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಎಂದಿನಂತೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಚನ್ನೇಶನ ವಿಡಿಯೊ ಹಚ್ಚಿದಳು. ಚನ್ನೇಶ್ ಬೇಲೂರಿನವನು. ಒಬ್ಬರೇ ಗುರುಗಳ ಹತ್ತಿರ ಇವಳ ಜೊತೆಯಲ್ಲೇ ಕೆಲಸ ಕಲಿತವನು, ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವನು. ಹಳೇ ರೇಡಿಯೊ, ಹಳೇ ಕಂಪ್ಯೂಟರುಗಳಿಗೆ ಜೀವ ಬರಿಸುವುದನ್ನು ಯೂಟ್ಯೂಬಿನಲ್ಲಿ ತೋರಿಸಿ ನಾಲ್ಕು ಜನ ಗುರುತಿಸುವಂತಾಗಿದ್ದ. ಯಶೋಧರಾ ಅವನ ಒಂದು ವಿಡಿಯೊವನ್ನೂ ಬಿಟ್ಟವಳಲ್ಲ. ಮೆಚ್ಚಿಯಲ್ಲ, ತಪ್ಪು ಹುಡುಕಲಿಕ್ಕೆ. ಬೆಸುಗೆಯ ಕಬ್ಬಿಣ ಜಾಸ್ತಿ ಕಾಯಿಸಿದ, ಸೀಸ ಜಾಸ್ತಿ ಸುರಿದ, ಮಾತು ಅದಕ್ಕಿಂತ ಜಾಸ್ತಿ ಸುರಿದ ಎಂದು ಗೊಣಗಿಕೊಂಡು ತಿಂದರೆ ಮಾತ್ರ ಅವಳಿಗೆ ಊಟ ಇಳಿಯುತ್ತಿತ್ತು.

"ಈ ಸಲ ನಮ್ಮ ಗುರುಗಳ ಮೊದಲನೇ ಕಂಪ್ಯೂಟರಿನ ಮದರ್‌ಬೋರ್ಡು" ಎಂದು ಚನ್ನೇಶ ಒಂದು ಹಸಿರು ಹಲಗೆಯನ್ನು ಎತ್ತಿ ಹಿಡಿದ. ಅದರ ಮೂಲೆಯಲ್ಲಿ ಹಳದಿ ಬಿದ್ದ ಚೀಟಿ, ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಕ-೧’, ಕಂಪ್ಯೂಟರ್ ಒಂದು. ಅದು ಯಶೋಧರಾಳದೇ ಅಕ್ಷರ.

ಮುದ್ದೆ ಗಂಟಲಲ್ಲೇ ನಿಂತಿತು. ಆ ಬೋರ್ಡು ಕೊಡಿ, ನಾನು ಸರಿಮಾಡುತ್ತೇನೆ ಎಂದು ಅವಳು ಗುರುಗಳನ್ನು ಎರಡು ಸಲ ಕೇಳಿದ್ದಳು. ಎರಡು ಸಲವೂ ಅವರು ಮುಖ ಅತ್ತ ತಿರುಗಿಸಿ, "ಅದು ಗುಜರಿಗೆ ಹೋಯ್ತು ಕಣಮ್ಮ" ಅಂದಿದ್ದರು. ಗುಜರಿ ಬೇಲೂರಿನಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಗುರುಗಳು ಎಂದರೆ ಕರಿಬಸವಯ್ಯ. ಕೊಬ್ಬರಿ ವ್ಯಾಪಾರದ ಮನೆತನ. ಅಣ್ಣತಮ್ಮಂದಿರೆಲ್ಲ ಕೆಳಗೆ ಮಂಡಿಯಲ್ಲಿ ಕೂತರೆ ಇವರು ತೊಂಬತ್ತೈದರಲ್ಲಿ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕೇಂದ್ರ ತೆರೆದು, ಊರವರ ಬಾಯಿಗೆ ಎಲೆಅಡಿಕೆಯಾದರು. ಇದ್ದದ್ದು ಒಂದೇ ಯಂತ್ರ. ಅದರ ಮುಚ್ಚಳವನ್ನು ಸದಾ ತೆಗೆದೇ ಇಡುತ್ತಿದ್ದರು, ಕಲಿಯುವವರಿಗೆ ಹೊಟ್ಟೆಯೊಳಗಿನದು ಕಾಣಲಿ ಎಂದು. ಕಲಿತವರು ಎಷ್ಟೋ ಜನ, ಕೈಗೆ ಕೆಲಸ ಹತ್ತಿದವರು ಇಬ್ಬರು. ದಿನಾ ಬೇಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಚನ್ನೇಶ್, ರೈಲ್ವೆ ಗ್ಯಾಂಗ್‌ಮನ್ ಭೀಮರಾಜರ ಮಗಳು ಯಶೋಧರಾ.

ಚನ್ನೇಶನಿಗೆ ಅಲ್ಲಿ ದಿನಾ ಮಂಗಳಾರತಿ. ಒಂದು ತಿರುಪು ಜಾರಿದರೆ ಸಾಕು, ಗುರುಗಳ ಗಂಟಲು ಕೆಳಗಿನ ಮಂಡಿಗೂ ಕೇಳುತ್ತಿತ್ತು. "ಲೇ, ಕೈ ನಿಂದೇನ್ಲಾ, ಇಲ್ಲ ಯಾರತ್ರನಾರ ಬಾಡಿಗೆಗೆ ತಂದಿದ್ದೀಯೇನ್ಲಾ?" ಯಶೋಧರಾಳಿಗೆ ಮಾತ್ರ ಒಂದು ದಿನವೂ ಅವರು ಬೈದದ್ದಿಲ್ಲ. ತಪ್ಪು ಮಾಡಿದರೆ, "ಇರಲಿ ಬಿಡಮ್ಮ, ನಾನು ನೋಡ್ಕೊತೀನಿ" ಎನ್ನುತ್ತಿದ್ದರು. ಅವಳು ಅದನ್ನು ಮೆಚ್ಚುಗೆ ಎಂದೇ ಎಣಿಸಿದ್ದಳು. ಬೈಸಿಕೊಳ್ಳುವವನು ದಡ್ಡ, ಬೈಸಿಕೊಳ್ಳದವಳು ಜಾಣೆ, ಇದಕ್ಕೆ ಬೇರೆ ಲೆಕ್ಕ ಏನಿದೆ?

ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿತ್ತು. ತೊಂಬತ್ತಾರರ ಆಯುಧಪೂಜೆಯ ದಿನ ಮಂಡಿಯವರೆಲ್ಲ ಮೇಲೆ ಬಂದು ನಿಂತಿದ್ದಾಗ ಗುರುಗಳು ತಟ್ಟೆಯನ್ನು ಇವಳ ಕೈಗೆ ಕೊಟ್ಟು, "ಈ ಸಲ ಮಿಷಿನ್ ಪೂಜೆ ಯಶೋಧರಾ ಮಾಡ್ತಾಳೆ" ಅಂದಿದ್ದರು. ಇವಳ ಮನೆಯ ಗೋಡೆಯಲ್ಲಿದ್ದದ್ದು ಬುದ್ಧನ ಪಟ. ಆಯುಧಪೂಜೆ ಅವರಲ್ಲಿ ಇರಲಿಲ್ಲ. ಮಂಡಿಯವರಲ್ಲಿ ಒಂದಿಬ್ಬರು ಕೆಮ್ಮಿ ಕೆಳಗಿಳಿದು ಹೋದರು. ಗುರುಗಳು ಕದಲಲಿಲ್ಲ. ಹತ್ತೊಂಬತ್ತರ ಆ ಹುಡುಗಿ ಪೂಜೆ ಮಾಡಿದಳು. ಅದೇ ವಾರ ಕರೆಂಟು ಏರುಪೇರಾಗಿ ಯಂತ್ರ ಸತ್ತಿತೆಂದು ಗುರುಗಳು ಹೇಳಿದರು, ಬೇರೆಯದನ್ನು ತಂದರು. ಅದೆಲ್ಲ ಅವಳಿಗೆ ಅಷ್ಟು ನೆನಪಿಲ್ಲ. ತಟ್ಟೆ ನೆನಪಿದೆ. ಮನಸ್ಸು ಕುಗ್ಗಿದಾಗಲೆಲ್ಲ ಆ ತಟ್ಟೆಯನ್ನು ನೆನಪಿನಿಂದ ಹೊರಗೆ ತೆಗೆದು ನೋಡಿಕೊಳ್ಳುತ್ತಿದ್ದಳು.

ಈಗ ನೋಡಿದರೆ ಬೋರ್ಡು ಚನ್ನೇಶನ ಮೇಜಿನ ಮೇಲೆ. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಬೇಲೂರಿನ ಬಸ್ಸು ಹತ್ತಿದಳು. ಜಾವಗಲ್ ದಾಟಿ ಹಳೇಬೀಡು ಬಂತು. ಹುಲಿಕೆರೆಗೆ ಹೋಗುವ ದಾರಿಯಲ್ಲಿ ಗುರುಗಳ ಈಗಿನ ಮನೆ. ಅತ್ತ ಕಣ್ಣೂ ಹಾಯಿಸಲಿಲ್ಲ. ಎಷ್ಟಾದರೂ ತಮ್ಮವರು ತಮ್ಮವರೇ ಎಂದು ಮನಸ್ಸು ಕುಟುಕಿತು. ಗುರುಗಳೂ ಚನ್ನೇಶನೂ ಒಂದೇ ಮಠಕ್ಕೆ ನಡೆದುಕೊಳ್ಳುವವರು, ಒಂದೇ ಪಂಕ್ತಿಯವರು. ಜನದೆದುರಿಗೆ ತಟ್ಟೆ ನನಗೆ, ಮನೆಯೊಳಗಿನ ಬೋರ್ಡು ಅವನಿಗೆ. ಹೀಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಆದರೆ ಯೋಚನೆ ನಿಲ್ಲಲಿಲ್ಲ.

ಬೇಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚನ್ನೇಶನ ಅಂಗಡಿ. ಇವಳನ್ನು ಕಂಡವನೇ ಎದ್ದು ನಿಂತ.

"ಬಾ ಯಶೋಧಕ್ಕ. ಏನ್ ಇಷ್ಟ್ ದೂರ?"

"ಒಂದ್ ಡಿಸ್‌ಪ್ಲೇ ಬೇಕಿತ್ತು. ಹಂಗೇ ಬಂದೆ."

ಡಿಸ್‌ಪ್ಲೇ ಅರಸೀಕೆರೆಯಲ್ಲೇ ಸಿಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಚನ್ನೇಶ ಬೋರ್ಡಿನ ಮೇಲಿನ ಬಟ್ಟೆ ಸರಿಸಿದ.

ಕೆಲಸ ಚೆನ್ನಾಗಿ ಮಾಡಿದ್ದ. ಅದೇ ಅವಳಿಗೆ ಸಹಿಸಲಾಗದ್ದು. ಸೋರಿ ಹಸಿರುಗಟ್ಟಿದ್ದ ಹಳೇ ಬ್ಯಾಟರಿಯನ್ನು ಕಿತ್ತು, ಅದು ತಿಂದಿದ್ದ ತಾಮ್ರದ ದಾರಿಗಳನ್ನು ಸಣ್ಣ ತಂತಿಯಲ್ಲಿ ಒಂದೊಂದಾಗಿ ಕೂಡಿಸಿದ್ದ. ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿದ್ದ. ಬರೀ ರಿಪೇರಿಯಲ್ಲ, ಅಪ್‌ಗ್ರೇಡೂ ಆಗಿತ್ತು: ಹಳೇ ಪ್ರೊಸೆಸರಿನ ಜಾಗದಲ್ಲಿ ಮೂರುಪಟ್ಟು ವೇಗದ್ದು, ನಾಲ್ಕು ಎಂಬಿ ಮೆಮೊರಿಗೆ ಬದಲು ಮೂವತ್ತೆರಡು, ಗರಗರ ತಿರುಗುವ ಹಾರ್ಡ್‌ಡಿಸ್ಕಿನ ಬದಲು ಕ್ಯಾಮೆರಾದ ಕಾರ್ಡು. ಇವಳ ಕೈಗೆ ಬಂದಿದ್ದರೆ ಇವಳೂ ಅದನ್ನೇ ಮಾಡುತ್ತಿದ್ದಳು. ತಾನು ಮಾಡಬೇಕಾದ್ದನ್ನು ಇನ್ನೊಬ್ಬ ಸರಿಯಾಗಿ ಮಾಡಿಟ್ಟಿದ್ದರೆ ನೋಡುವುದು ಎಷ್ಟು ಕಷ್ಟ ಎನ್ನುವುದು ಅನುಭವಿಸಿದವರಿಗೇ ಗೊತ್ತು.

"ಹಚ್ಚು ನೋಡಾಣ" ಅಂದಳು.

ಚನ್ನೇಶ ಮುಖ ಸಣ್ಣ ಮಾಡಿಕೊಂಡು ಸ್ವಿಚ್ ಒತ್ತಿದ. ಪರದೆ ಕಪ್ಪಗೇ ಉಳಿಯಿತು. ಪೀಂ, ಪೀಂ, ಪೀಂ ಎಂದು ಯಂತ್ರ ಮೂರು ಸಲ ಕೂಗಿ ಸುಮ್ಮನಾಯಿತು. ಮೂರು ಕೂಗು ಎಂದರೆ ಮೆಮೊರಿ ಸಿಗುತ್ತಿಲ್ಲ ಎಂದರ್ಥ.

"ಎಂಟ್ ದಿನದಿಂದ ಹಿಂಗೇ ಕೂಗ್ತೈತಕ್ಕ. ಆರು ಮೆಮೊರಿ ಹಾಕಿ ನೋಡ್ದೆ. ಸ್ಲಾಟ್ ತೊಳ್ದೆ. ಬಡ್ಡಿಮಗಂದು ಜಪ್ಪಯ್ಯ ಅಂದ್ರೂ ಏಳವಲ್ದು."

ಯಶೋಧರಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಸ್ಸಿನ ಚಾರ್ಜು ದಂಡವಾಗಲಿಲ್ಲ ಎನ್ನಿಸಿತು. ಮುಖದ ಮೇಲೆ ಮಾತ್ರ ಅಯ್ಯೋ ಪಾಪ ಎನ್ನುವ ಭಾವ ತಂದುಕೊಂಡು, "ನನ್ನತ್ರ ಕೊಡು, ಅರಸೀಕೆರೆಗೆ ತಗೊಂಡೋಗಿ ಒಂದ್ ಕೈ ನೋಡ್ತೀನಿ" ಅಂದಳು.

ಚನ್ನೇಶ ತಲೆ ಕೆರೆದುಕೊಂಡ. ಸುಳ್ಳು ಹೇಳಲು ಬಾರದ ಜಾಯಮಾನ ಅವನದು.

"ಬೇಜಾರ್ ಮಾಡ್ಕೊಬೇಡ ಅಕ್ಕ. ಕೊಡೋವಾಗ ಸರ್ ಒಂದ್ ಮಾತ್ ಹೇಳಿದ್ರು. ಯಾರ್ ಕೈಗಾದ್ರೂ ಕೊಡು, ಯಶೋಧರಾ ಕೈಗ್ ಮಾತ್ರ ಕೊಡ್ಬೇಡ ಅಂತ."

ಎಳ್ಳಷ್ಟೂ ಕೆಟ್ಟದ್ದಿಲ್ಲದೆ ಅವನು ಹೇಳಿದ ಮಾತು ಅವಳ ಎದೆಗೆ ಬರೆ ಎಳೆಯಿತು. ಅವನ ಭೂತಗನ್ನಡಿ ಎಳೆದುಕೊಂಡು ಬೋರ್ಡಿನ ಮೇಲೆ ಬಗ್ಗಿದಳು. ಫೋನಿನ ಟಾರ್ಚನ್ನು ಅಡ್ಡಲಾಗಿ ಹಿಡಿದು ಮೆಮೊರಿ ಸ್ಲಾಟಿನ ಬುಡಕ್ಕೆ ಬೆಳಕು ಬಿಟ್ಟಳು.

ನೆಟ್ಟಗೆ ನೋಡಿದರೆ ಕಾಣದ್ದು ಅಡ್ಡ ಬೆಳಕಿಗೆ ಕಂಡಿತು. ಹಸಿರು ಬಣ್ಣದ ಮೇಲೆ ಸ್ಲಾಟನ್ನು ಹಾದು ಅಡ್ಡಡ್ಡ ಮೂರು ಮಾಸಲು ಗೆರೆ, ಒಂದರ ಕೆಳಗೊಂದು. ಸ್ಲಾಟಿನ ಅಡಿಯಲ್ಲಿ, ಅದರ ಲೋಹದ ಕಾಲುಗಳ ಸಂದಿನಲ್ಲಿ, ಬೂದುಬಣ್ಣದ ಗಟ್ಟಿ ಹಕ್ಕಳೆ. ಸೋರಿದ ಬ್ಯಾಟರಿಯದಾದರೆ ಹಸಿರು ಇರಬೇಕು. ಇದು ಬೂದಿ, ಅಂಚಿನಲ್ಲಿ ಒಂದಿಷ್ಟು ಕೆಂಪು. ವಿಭೂತಿ, ಕುಂಕುಮ. ಆಯುಧಪೂಜೆಯ ದಿನ ನೀರಲ್ಲಿ ಕಲಸಿದ ವಿಭೂತಿಯನ್ನು ಯಾರೋ ಮೂರು ಬೆರಳಲ್ಲಿ ಬೋರ್ಡಿಗೇ ಎಳೆದಿದ್ದಾರೆ. ನೀರು ಸ್ಲಾಟಿನ ಅಡಿಗೆ ಇಳಿದು, ಬೂದಿ ಅಲ್ಲೇ ಗಟ್ಟಿಯಾಗಿ, ಒಳಗಿಂದೊಳಗೇ ಕಾಲುಗಳನ್ನು ತಿಂದಿದೆ.

"ಏನಾರ ಕಾಣ್ತಾ? ಅಡೀಲಿ ಬೆಸುಗೆಗೆ ಹಚ್ಚಿದ್ ಹಳೇ ಫ್ಲಕ್ಸ್ ಕೂತಿರ್ಬೇಕು, ಬಿಟ್ಟಿದೀನಿ" ಅಂದ ಚನ್ನೇಶ.

"ಏನೂ ಕಾಣ್ಲಿಲ್ಲ. ಬತ್ತೀನಿ" ಎಂದು ಅವಳು ಎದ್ದಳು.

ಹಳೇಬೀಡಿನ ಬಸ್ಸಿನಲ್ಲಿ ಅವಳ ಮುಖದ ಮೇಲೆ ಒಂದು ಕೆಟ್ಟ ನಗು ಇತ್ತು ಎಂದು ಒಪ್ಪಿಕೊಳ್ಳಲೇಬೇಕು. ವರ್ಷವರ್ಷ ಯಂತ್ರಕ್ಕೆ ಪೂಜೆ ಮಾಡುತ್ತಿದ್ದವರು ಯಾರು? ಗುರುಗಳು. ತಮ್ಮ ಕೈಯಾರೆ ಕೊಂದ ಯಂತ್ರವನ್ನು ತಮ್ಮವನ ಕೈಗೆ ಕೊಟ್ಟು ಬದುಕಿಸು ಎಂದಿದ್ದಾರೆ. ಅವನಿಗೆ ರೋಗವೇ ಗೊತ್ತಾಗಿಲ್ಲ. ಕಂಡದ್ದು ನನ್ನ ಕಣ್ಣಿಗೆ. ಇದನ್ನು ಅವರ ಎದುರಿಗೇ ಹೇಳಿ, ಈಗಲಾದರೂ ಹೇಳಿ ಸರ್, ನಿಮ್ಮ ಶಿಷ್ಯರಲ್ಲಿ ಕೆಲಸ ಬಲ್ಲವರು ಯಾರು ಎಂದು ಕೇಳಬೇಕು. ದಾರಿಯುದ್ದಕ್ಕೂ ಆ ಮಾತನ್ನೇ ತಿರುತಿರುಗಿ ಜೋಡಿಸಿಕೊಂಡಳು. ಹೊಟ್ಟೆ ಉರಿಯುವಾಗ ಕಣ್ಣಿಗೆ ಬೇಕಾದ್ದಷ್ಟೇ ಕಾಣುತ್ತದೆ.

ಗುರುಗಳು ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ಬೆಳಗಿನ ವಿಭೂತಿ. ಹೆಂಡತಿ ಶಿವಗಂಗಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದವರು, "ಬಾರವ್ವ, ಎಷ್ಟ್ ದಿನ ಆಯ್ತು ನೋಡಿ" ಎಂದು ಸರಿದು ಜಾಗ ಮಾಡಿದರು. ಯಶೋಧರಾ ಕೂರಲಿಲ್ಲ.

"ಗುಜರಿಗ್ ಹೋಗಿದ್ ಬೋರ್ಡ್ ನೋಡ್ಕೊಂಡ್ ಬಂದೆ ಸರ್."

ಕರಿಬಸವಯ್ಯ ಪೇಪರು ಮಡಿಸಿದರು.

"ಚನ್ನೇಶಂಗೆ ರೋಗ ಸಿಕ್ಕಿಲ್ಲ. ನನಗ್ ಸಿಕ್ತು. ಕರೆಂಟೂ ಅಲ್ಲ, ಏನೂ ಅಲ್ಲ. ವಿಭೂತಿ. ಹಸಿ ವಿಭೂತಿ ಕಲಸಿ ಬೋರ್ಡ್ ಮೇಲೇ ಎಳ್ದಿದ್ದೀರಿ ಸರ್. ನಿಮ್ ಕೈಯಾರೆ."

ಗುರುಗಳು ಹೆಂಡತಿಯ ಕಡೆ ನೋಡಿದರು. ಆ ನೋಟ ಸುಮ್ಮನಿರು ಎನ್ನುವ ನೋಟ. ಆದರೆ ಶಿವಗಂಗಮ್ಮ ಅಷ್ಟರಲ್ಲಿ ಬಾಯಿ ತೆರೆದಾಗಿತ್ತು.

"ಇವ್ರಾ? ಇವ್ರು ಮಿಷಿನ್‌ಗೆ ಹಸಿ ವಿಭೂತಿ ಮುಟ್ಟಿಸೋರಾ? ನೀರು ತಾಗಿದ್ರೆ ಹಾಳಾಯ್ತದೆ ಅಂತ ನನ್ ಜೊತೆ ಜಗಳಾನೇ ಆಡೋರು ಕಣವ್ವ. ಮುಚ್ಚಳದ ಮೇಲೆ ಒಂದ್ ಚೂರು ಒಣಾದು, ಅಷ್ಟೇ. ಯಾವ್ ವರ್ಷಾನೂ ಅದಕ್ಕಿಂತ ಜಾಸ್ತಿ ಇಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಯಶೋಧರಾ ತನ್ನ ಬಲಗೈ ನೋಡಿಕೊಂಡಳು. ತಟ್ಟೆ ನೆನಪಿತ್ತು, ತಟ್ಟೆಯಲ್ಲಿದ್ದದ್ದು ಈಗ ನೆನಪಾಯಿತು. ಅವಳ ಮನೆಯಲ್ಲಿ ಯಾರೂ ಮಾಡಿ ತೋರಿಸಿದ ಪೂಜೆಯಲ್ಲ ಅದು. ಮಂಡಿಯ ತಕ್ಕಡಿಗೆ, ಲಾರಿಯ ಮುಂಭಾಗಕ್ಕೆ ಗಟ್ಟಿಯಾಗಿ ಮೂರು ಗೆರೆ ಎಳೆಯುವುದನ್ನು ನೋಡಿದ್ದಳು. ಕಡಿಮೆ ಹಾಕಿದರೆ ಇವಳಿಗೆ ಮನಸ್ಸಿಲ್ಲ ಅಂದುಕೊಂಡಾರು ಎಂದು ಲೋಟದ ನೀರನ್ನೆಲ್ಲ ಬಗ್ಗಿಸಿ, ವಿಭೂತಿ ಕಲಸಿ, ತೆರೆದ ಹೊಟ್ಟೆಯೊಳಗೆ ಕೈ ಇಳಿಸಿ, ಮೂರು ಬೆರಳು ಊರಿ ಎಳೆದಿದ್ದಳು. ಅಷ್ಟು ಜನ ನೋಡುತ್ತಿದ್ದರಲ್ಲ. ಅವಳಿಗೆ ಚೆನ್ನಾಗಿ ಮಾಡಬೇಕಿತ್ತು.

ಜಗುಲಿಯ ಅಂಚಿನಲ್ಲಿ ಕೂತಳು.

"ನಾನು" ಅಂದಳು.

"ಅದಕ್ಕೇ ನಿನ್ ಕೈಗ್ ಕೊಡ್ಬೇಡ ಅಂದಿದ್ದು" ಎಂದರು ಕರಿಬಸವಯ್ಯ ನಿಧಾನವಾಗಿ. "ಅವನ್ ಕಣ್ಣು ಮೇಲ್ಮೇಲೆ ನೋಡೋ ಕಣ್ಣು. ನೀನು ಒಂದ್ ಗಳಿಗೇಲಿ ಹಿಡೀತೀಯ ಅಂತ ಗೊತ್ತಿತ್ತು."

ಮೂವತ್ತು ವರ್ಷ ಅವಳು ಕೇಳಬೇಕೆಂದಿದ್ದ ಮೆಚ್ಚುಗೆ ಅದೇ. ಬಂದ ಹೊತ್ತಿಗೆ ಅದಕ್ಕೆ ರುಚಿ ಇರಲಿಲ್ಲ.

"ಆವತ್ತೇ ಯಾಕ್ ಹೇಳ್ಲಿಲ್ಲ ಸರ್?"

"ಹೆಂಗ್ ಹೇಳ್ಲಿ? ಮಂಡೀಲಿ ಆಗ್ಲೇ ಕೆಮ್ಮೋರು ಕೆಮ್ತಿದ್ರು. ಆ ಹುಡುಗಿ ಮುಟ್ಟಿದ್ಕೇ ಮಿಷಿನ್ ಸತ್ತೋಯ್ತು ಅಂತಿದ್ರು. ನೀನು ಮಾರನೇ ದಿನದಿಂದ ಮೆಟ್ಲು ಹತ್ತುತಿರ್ಲಿಲ್ಲ."

ಅದು ನಿಜ ಎಂದು ಅವಳಿಗೆ ಗೊತ್ತಿತ್ತು. ಅವರು ಕಾಪಾಡಿದ್ದರು. ಹಾಗಿದ್ದೂ ಅವಳ ಒಳಗೆ ಏನೋ ಕುದಿಯುತ್ತಲೇ ಇತ್ತು, ಬಸ್ಸಿನಲ್ಲಿ ಬರುವಾಗ ಕುದಿದದ್ದಕ್ಕಿಂತ ಜೋರಾಗಿ. ಆ ಉರಿ ಬೋರ್ಡಿನದಲ್ಲ ಎಂದು ಈಗ ತಿಳಿಯಿತು.

"ಮಂಡಿಯೋರ್ ಎದುರಿಗ್ ಬೇಡ ಸರ್. ಬಾಗಿಲು ಹಾಕ್ಕೊಂಡಾದ್ರೂ ಬೈಬೋದಿತ್ತು" ಅಂದಳು. "ಚನ್ನೇಶಂಗೆ ದಿನಾ ಬೈದ್ರಿ. ಅವನ್ ಮನೆ ಮಗ. ನನಗೆ ಇರಲಿ ಬಿಡಮ್ಮ, ಇರಲಿ ಬಿಡಮ್ಮ ಅಂದ್ರಿ. ಮನೆಗ್ ಬಂದ ನೆಂಟ್ರಿಗೆ ಹೇಳೋ ಮಾತು ಅದು. ಲೋಟ ಒಡೆದ್ರೂ ಇರಲಿ ಬಿಡಿ ಅಂತೀವಲ್ಲ, ಹಂಗೆ."

ಶಿವಗಂಗಮ್ಮನ ಕೈಯಲ್ಲಿ ಮೊರ ನಿಂತಿತ್ತು. ಕರಿಬಸವಯ್ಯ ಮಡಿಸಿದ ಪೇಪರನ್ನು ಪಕ್ಕಕ್ಕಿಟ್ಟು, "ಭಾನುವಾರ ಚನ್ನೇಶನ್ನ ಬೋರ್ಡ್ ಸಮೇತ ಇಲ್ಲಿಗೇ ಕರಿ. ನೀನೂ ನಿನ್ ಕಬ್ಬಿಣ ತಗೊಂಡ್ ಬಾ" ಅಂದರು.

ಭಾನುವಾರ ಬೆಳಿಗ್ಗೆ ಮೂವರೂ ಜಗುಲಿಯ ಮೇಲೆ ಸೇರಿದರು. ಯಶೋಧರಾ ತನ್ನ ಅಂಗಡಿಯ ಹಳೇ ಬೋರ್ಡೊಂದರಿಂದ ಕಿತ್ತ ಮೆಮೊರಿ ಸ್ಲಾಟನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದಳು. ಚನ್ನೇಶ ಕ್ಯಾಮೆರಾ ನಿಲ್ಲಿಸುತ್ತ, "ಅಕ್ಕ, ಹಿಡಿದಿದ್ದು ನೀನು, ರೋಗ ಏನು ಅಂತ ನೀನೇ ಹೇಳು" ಅಂದ. ಅವಳು ಕ್ಯಾಮೆರಾದ ಕಣ್ಣನ್ನೇ ನೋಡಿ ಹೇಳಿದಳು: ಇದು ಕರೆಂಟಿನಿಂದ ಹೋದದ್ದಲ್ಲ, ತೊಂಬತ್ತಾರರ ಆಯುಧಪೂಜೆಯಲ್ಲಿ ನಾನು ಹಸಿ ವಿಭೂತಿ ಎಳೆದದ್ದರಿಂದ ಹೋದದ್ದು. ಚನ್ನೇಶನ ಬಾಯಿ ತೆರೆದುಕೊಂಡಿತು.

"ನೀನಾ? ಬೈಲಿಲ್ವಾ ಸರ್ ನಿನಗೆ? ಒಂದ್ ಜಂಪರ್ ಪಿನ್ನು ತಿರುಗಾ ಹಾಕಿದ್ಕೆ ನನಗೆ ಮಂಡಿ ತುಂಬ ಕೇಳೋ ಹಂಗ್ ಬೈದಿದ್ರು."

ಅವಳು ಕಬ್ಬಿಣ ಕಾಯಿಸಿದಳು. ಹಳೇ ಸ್ಲಾಟಿಗೆ ಎಪ್ಪತ್ತೆರಡು ಕಾಲು. ಒಂದೊಂದರ ಸೀಸವನ್ನೂ ಕರಗಿಸಿ ಹೀರಿ, ಬೋರ್ಡಿನ ತಾಮ್ರಕ್ಕೆ ಗಾಯವಾಗದಂತೆ ಸ್ಲಾಟನ್ನು ಮೇಲೆತ್ತಬೇಕು. ಅಡಿಯ ಬೂದಿಯ ಹಕ್ಕಳೆ ಪುಡಿಪುಡಿಯಾಗಿ ಉದುರಿತು, ಬ್ರಷ್ಷಿನಲ್ಲಿ ತೊಳೆದಳು. ಹೊಸ ಸ್ಲಾಟು ಕೂರಿಸಿ ಬೆಸೆಯತೊಡಗಿದಾಗ, ಅರವತ್ತನೆಯದೋ ಅರವತ್ತೊಂದನೆಯದೋ ಕಾಲಿನ ಹತ್ತಿರ ಕಣ್ಣು ಮಂಜಾಗಿ ಕಬ್ಬಿಣ ಒಂದು ಗಳಿಗೆ ಜಾಸ್ತಿ ನಿಂತಿತು. ತಾಮ್ರದ ಅಂಚು ಎದ್ದೇಳಲು ನೋಡಿತು.

"ಏಯ್" ಎಂದರು ಕರಿಬಸವಯ್ಯ. ಎಂಬತ್ತರ ಗಂಟಲಾದರೂ ಬೀದಿಯ ಆಚೆ ಮನೆಗೂ ಕೇಳಿತು. "ಕೈ ನಿಂದೇನೇ, ಇಲ್ಲ ಯಾರತ್ರನಾರ ಬಾಡಿಗೆಗೆ ತಂದಿದ್ದೀಯಾ? ಒಂದ್ ಸಲ ಕೊಂದಿದ್ದು ಸಾಲ್ದಾ? ತೆಗಿ ಕಬ್ಬಿಣ. ಕಣ್ ಒರೆಸ್ಕೊಂಡ್ ಹಾಕು. ಅಳ್ತಾ ಬೆಸುಗೆ ಹಾಕು ಅಂತ ಯಾವನ್ ಹೇಳ್ಕೊಟ್ಟ ನಿನಗೆ?"

ಶಿವಗಂಗಮ್ಮ ಒಳಗಿನಿಂದ ಓಡಿ ಬಂದು, "ಏನ್ರೀ ಇದು, ಬಂದೋರ್ ಮೇಲೆ" ಅಂದರು.

"ಬಂದೋಳಲ್ಲ ಅವಳು. ನೀನ್ ಒಳಗ್ ಹೋಗು" ಅಂದರು ಗುರುಗಳು.

ಯಶೋಧರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ತಪ್ಪಾಯ್ತು ಸರ್" ಎಂದಳು. ಹಾಗೆ ಅನ್ನುವಾಗ ಅವಳಿಗೆ ಎಷ್ಟು ಸುಖವಾಯಿತೆಂದರೆ ಮುಖ ಬಗ್ಗಿಸಿ ಅಡಗಿಸಿಕೊಳ್ಳಬೇಕಾಯಿತು. ಉಳಿದ ಕಾಲುಗಳನ್ನು ಸರಿಯಾಗಿ ಬೆಸೆದಳು. ಚನ್ನೇಶ ಮೆಮೊರಿ ಕೂರಿಸಿದ, ಗುರುಗಳೇ ಸ್ವಿಚ್ ಒತ್ತಿದರು. ಈ ಸಲ ಕೂಗು ಒಂದೇ. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿಯ ಅಂಕಿಗಳು ಏರತೊಡಗಿ ಮೂವತ್ತೆರಡು ಎಂಬಿಯವರೆಗೆ ಹೋಗಿ ನಿಂತವು. ಕರಿಬಸವಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ಚನ್ನೇಶ ಕ್ಯಾಮೆರಾ ಬಿಚ್ಚುತ್ತ ಒಂದಿಷ್ಟು ಮಂಕಾಗಿದ್ದ. "ನನಗ್ ಬೈಯದು ಬಿಟ್ಟು ಇಪ್ಪತ್ ವರ್ಷದ ಮೇಲಾಯ್ತಲ್ಲ ಸರ್" ಎಂದು ಗೊಣಗಿದ. ಆ ದನಿಯಲ್ಲಿದ್ದದ್ದು ಏನೆಂದು ಯಶೋಧರಾಳಿಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆಯವರೆಗೂ ಅದು ಅವಳದೇ ಆಗಿತ್ತು.

ಬಸ್ಸಿಗೆ ನಿಂತಾಗ ಅವನು ಕೇಳಿದ: "ವಿಡಿಯೊ ಹಾಕೋವಾಗ ಆ ಬೈಗುಳ ತೆಗೆದ್ ಹಾಕ್ಲಾ ಅಕ್ಕ? ನಿನಗ್ ಮುಜುಗರ ಆದ್ರೆ."

"ಅದೊಂದ್ ಇರ್ಲಿ ಕಣೋ" ಅಂದಳು ಯಶೋಧರಾ. "ಬೇಕಾದ್ರೆ ಮಿಕ್ಕಿದ್ನೆಲ್ಲ ತೆಗಿ."